ದಾವಿದೆ ಕಂಪಾರಿ

ದಾವಿದೆ ಕಂಪಾರಿ (1867–1936) ಇಟಲಿಯ ಮಿಲಾನ್ ನಗರದ ಉದ್ಯಮಿ ಹಾಗೂ ಮದ್ಯ ತಯಾರಕರು. ಇವರ ತಂದೆ ಗಾಸ್ಪರೆ ಕಂಪಾರಿಯವರು 1860ರಲ್ಲಿ ಸಿದ್ಧಪಡಿಸಿದ ಕೆಂಪು ಬಣ್ಣದ ಕಹಿ ಮದ್ಯವು ಇಂದು ಮನೆತನದ ಹೆಸರಿನಿಂದಲೇ, ಅಂದರೆ ಕಂಪಾರಿ ಎಂದೇ, ಜಗತ್ತಿನ ಬಹುತೇಕ ದೇಶಗಳಲ್ಲಿ ಪರಿಚಿತವಾಗಿದೆ. ಪಾನೀಯವನ್ನು ರೂಪಿಸಿದವರು ತಂದೆ; ಅದನ್ನು ಒಂದು ಕೆಫೆಯ ಗೋಡೆಗಳೊಳಗಿನಿಂದ ಹೊರತಂದು ಅನ್ಯರ ಅಂಗಡಿಗಳಲ್ಲಿಯೂ ಅನ್ಯರ ಮಿಶ್ರಣಗಳಲ್ಲಿಯೂ ಅನಿವಾರ್ಯವಾಗುವಂತೆ ಮಾಡಿದವರು ಮಗ. ನೆಗ್ರೋನಿ, ಬುಲೆವಾರ್ಡಿಯೇ ಮೊದಲಾದ ಕಾಕ್‌ಟೇಲ್‌ಗಳು (ಮಿಶ್ರ ಮದ್ಯಗಳು) ದಾವಿದೆಯವರ ಜೀವಿತಕಾಲದಲ್ಲಿಯೇ ಬಳಕೆಗೆ ಬಂದವು. ಅವುಗಳಲ್ಲಿ ಯಾವುದನ್ನೂ ಅವರು ಸ್ವತಃ ಸೃಷ್ಟಿಸಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು.

ಹಿನ್ನೆಲೆ

ಗಾಸ್ಪರೆ ಕಂಪಾರಿಯವರು 1828ರಲ್ಲಿ ಉತ್ತರ ಇಟಲಿಯ ಕಸ್ಸೊಲ್ನೊವೊ ಎಂಬ ಊರಿನ ರೈತ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಟ್ಯೂರಿನ್ ನಗರಕ್ಕೆ ಹೋಗಿ ಅಲ್ಲಿನ ಮದ್ಯದಂಗಡಿಯಲ್ಲಿ ಕೆಲಸ ಕಲಿತರು. ಆ ಕಾಲದ ಟ್ಯೂರಿನ್ ಈ ವಿದ್ಯೆಗೆ ಹೆಸರಾದ ಊರು. 1786ರಲ್ಲಿ ಅಂತೋನಿಯೊ ಬೆನೆದೆತ್ತೊ ಕರ್ಪಾನೊ ಎಂಬವರು ದ್ರಾಕ್ಷಾಮದ್ಯಕ್ಕೆ ಗಿಡಮೂಲಿಕೆಗಳ ಸತ್ತ್ವವನ್ನು ಸೇರಿಸಿ ವರ್ಮುತ್ ಎಂಬ ಸಿಹಿ ಪಾನೀಯವನ್ನು ಮಾರಾಟಕ್ಕೆ ತಂದದ್ದು ಅಲ್ಲಿಯೇ. ವರ್ಮುತ್ತಿಗೆ ಹೆಸರನ್ನು ಕೊಟ್ಟ ಮೂಲಿಕೆಯು ಆರ್ಟಿಮೀಸಿಯಾ ಕುಲಕ್ಕೆ ಸೇರಿದ್ದು. ನಮ್ಮ ಹೂವಿನ ಮಾಲೆಗಳಲ್ಲಿ ಪೋಣಿಸುವ ದವನ ಮತ್ತು ಪೂಜೆಗೆ ಬಳಸುವ ಮಾಚಿಪತ್ರೆ ಅದೇ ಕುಲದವು. ಆದುದರಿಂದ ಅದರ ಪರಿಮಳವು ಕನ್ನಡ ನಾಡಿನ ಮೂಗಿಗೆ ತೀರಾ ಅಪರಿಚಿತವೇನಲ್ಲ.

ಟ್ಯೂರಿನ್ನಿನಲ್ಲಿ ಕೆಲಸ ಕಲಿತ ಗಾಸ್ಪರೆಯವರು ನೊವಾರಾ ಎಂಬ ಪಟ್ಟಣದಲ್ಲಿ ಸ್ವಂತ ಕೆಫೆಯನ್ನು ನಡೆಸಿದರು. ಕಂಪಾರಿ ಮದ್ಯದ ಆರಂಭವನ್ನು ಗುರುತಿಸುವುದು ಈ ಕೆಫೆಯಲ್ಲಿ, 1860ರಲ್ಲಿ. ಮೊದಲಿಗೆ ಅದನ್ನು ಹಾಲೆಂಡ್ ರೀತಿಯ ಕಹಿ ಎಂಬ ಅರ್ಥದ ಹೆಸರಿನಿಂದ ಮಾರಲಾಯಿತು. ಆಗ ಡಚ್ಚರ ಕಹಿ ಮದ್ಯಗಳಿಗೆ ಒಳ್ಳೆಯ ಹೆಸರಿತ್ತು. ಹೊಸಬನು ಹಳೆಯ ಕೀರ್ತಿಯ ನೆರಳಿನಲ್ಲಿ ನಿಲ್ಲುವುದು ವ್ಯಾಪಾರದಲ್ಲಿ ಸಾಮಾನ್ಯ.

ಕೆಲವೇ ವರ್ಷಗಳಲ್ಲಿ ಅವರು ಮಿಲಾನ್ ನಗರಕ್ಕೆ ಬಂದು ಅಲ್ಲಿನ ಮಹಾ ಇಗರ್ಜಿಯ ಸಮೀಪ ನೆಲೆಸಿದರು. ಲೆತಿತ್ಸಿಯಾ ಗಾಲ್ಲಿ ಎಂಬವರನ್ನು ವಿವಾಹವಾದರು. ಇಗರ್ಜಿಯ ಮುಂದಿನ ಚೌಕವನ್ನು ವಿಸ್ತರಿಸುವ ಯೋಜನೆಯಿಂದ ಹಳೆಯ ಅಂಗಡಿಸಾಲುಗಳು ನೆಲಸಮವಾದವು. ಅದೇ ಯೋಜನೆಯ ಭಾಗವಾಗಿ ಗಾಜಿನ ಮಾಡಿನ ಭವ್ಯ ವಾಣಿಜ್ಯ ಸಂಕೀರ್ಣವೊಂದು ಮೇಲೆದ್ದಿತು. ರಾಜ ಎರಡನೆಯ ವಿತ್ತೋರಿಯೊ ಇಮಾನ್ವೆಲೆಯ ಹೆಸರನ್ನು ಹೊತ್ತ ಈ ಗ್ಯಾಲರಿಯ ವಾಸ್ತುಶಿಲ್ಪಿ ಜುಸೆಪ್ಪೆ ಮೆಂಗೋನಿ. 1867ರ ಸೆಪ್ಟೆಂಬರ್ 15ರಂದು ಅದರ ಉದ್ಘಾಟನೆಯಾಯಿತು. ಕಂಪಾರಿ ಕುಟುಂಬವು ಅಲ್ಲಿಯೇ ಕೆಫೆಯನ್ನು ತೆರೆದು, ಅಲ್ಲಿಯೇ ವಾಸಿಸತೊಡಗಿತು.

ಜನನ ಮತ್ತು ಬಾಲ್ಯ

ಉದ್ಘಾಟನೆಯಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ, 1867ರ ನವೆಂಬರಿನಲ್ಲಿ, ದಾವಿದೆಯವರು ಜನಿಸಿದರು. ಆ ಗ್ಯಾಲರಿಯಲ್ಲಿ ಹುಟ್ಟಿದ ಮೊದಲ ಶಿಶು ಎಂಬ ಹೆಗ್ಗಳಿಕೆ ಅವರದು. ಮಿಲಾನ್ ಜನರು ತಮ್ಮ ಊರಿನ ಪಡಸಾಲೆ ಎಂದು ಕರೆಯುವ ಈ ತಾಣದಲ್ಲಿ, ಗಿರಾಕಿಗಳ ಮಾತು ಮತ್ತು ಗಾಜಿನ ಲೋಟಗಳ ಸದ್ದಿನ ನಡುವೆ ಅವರ ಬಾಲ್ಯ ಕಳೆಯಿತು. ಲಾ ಸ್ಕಾಲಾ ಸಂಗೀತ ನಾಟಕಶಾಲೆ ಅಲ್ಲಿಂದ ಕೆಲವು ಹೆಜ್ಜೆಗಳ ದೂರದಲ್ಲಿದ್ದುದರಿಂದ ಗಾಯಕರೂ ಸಂಗೀತಗಾರರೂ ನಿತ್ಯದ ಗಿರಾಕಿಗಳಾಗಿದ್ದರು.

1882ರಲ್ಲಿ ಗಾಸ್ಪರೆಯವರು ನಿಧನರಾದಾಗ ದಾವಿದೆಗೆ ಹದಿನೈದು ವರ್ಷ. ಕೆಫೆ ಮುಚ್ಚಿಹೋಗದಂತೆ ಕಾಪಾಡಿದವರು ತಾಯಿ ಲೆತಿತ್ಸಿಯಾ. ಮಕ್ಕಳು ಪ್ರಾಯಕ್ಕೆ ಬರುವವರೆಗೆ ವ್ಯವಹಾರದ ಹೊಣೆ ಅವರ ಮೇಲೆಯೇ ಇತ್ತು. ಕಂಪೆನಿಯ ಚರಿತ್ರೆಯಲ್ಲಿ ತಂದೆ ಮತ್ತು ಮಗನ ಹೆಸರುಗಳು ದೊಡ್ಡ ಅಕ್ಷರಗಳಲ್ಲಿ ಕಾಣುತ್ತವೆ, ತಾಯಿಯ ಹೆಸರು ಒಂದೆರಡು ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಆ ವರ್ಷಗಳಲ್ಲಿ ಅವರು ಅಂಗಡಿಯನ್ನು ಮಾರಿಬಿಟ್ಟಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಮುಂದೆ ದಾವಿದೆ ಮತ್ತು ಅವರ ತಮ್ಮ ಗ್ವಿದೊ ವ್ಯವಹಾರಕ್ಕೆ ಸೇರಿದರು.

ಪಾನೀಯದ ಸ್ವರೂಪ

ದಾವಿದೆಯವರ ಕೆಲಸವನ್ನು ಅರಿಯಬೇಕಾದರೆ ಅವರ ಕೈಗೆ ಬಂದ ವಸ್ತುವಿನ ಗುಣವನ್ನು ತಿಳಿಯಬೇಕು. ಯುರೋಪಿನಲ್ಲಿ ಊಟಕ್ಕೆ ಮುನ್ನ, ಹಸಿವನ್ನು ಕೆರಳಿಸುವುದಕ್ಕಾಗಿ ಕುಡಿಯುವ ಪಾನೀಯಕ್ಕೆ ಅಪೆರಿಟಿಫ್ ಎಂದು ಹೆಸರು. ತೆರೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಈ ಪದ ಬಂದಿದೆ. ಕಹಿಯು ಬಾಯಲ್ಲಿ ನೀರೂರಿಸುತ್ತದೆ, ಜೀರ್ಣಶಕ್ತಿಯನ್ನು ಎಬ್ಬಿಸುತ್ತದೆ ಎಂಬ ನಂಬಿಕೆ ಅಲ್ಲಿಯೂ ಹಳೆಯದು. ನೆಲಬೇವು, ಅಮೃತಬಳ್ಳಿಗಳ ಕಷಾಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಹಿ ತೊಗಟೆ ಮತ್ತು ಬೇರುಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲೆ ಬಹಳ. ಗಾಸ್ಪರೆಯವರು ನೊವಾರಾದಲ್ಲಿ ತಮ್ಮ ಮದ್ಯವನ್ನು ಸಿದ್ಧಪಡಿಸುತ್ತಿದ್ದ ಹೊತ್ತಿನಲ್ಲಿಯೇ, 1860–61ರಲ್ಲಿ, ನಂಜನಗೂಡು ಗುಂಡ್ಲುಪೇಟೆಗಳ ದಾರಿಯ ಆಚೆಗಿರುವ ನೀಲಗಿರಿ ಬೆಟ್ಟಗಳಲ್ಲಿ ಬ್ರಿಟಿಷರು ದಕ್ಷಿಣ ಅಮೆರಿಕದ ಸಿಂಕೋನಾ ಗಿಡಗಳನ್ನು ನೆಡಿಸುತ್ತಿದ್ದರು. ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನ್ ದೊರೆಯುವುದು ಅದರ ತೊಗಟೆಯಿಂದ.

ಕಂಪಾರಿಯು ಲಿಕ್ಯೂರ್ ವರ್ಗಕ್ಕೆ ಸೇರಿದ್ದು, ಎಂದರೆ ಮೂಲಿಕೆ ಅಥವಾ ಹಣ್ಣುಗಳ ಸತ್ತ್ವವನ್ನು ಮದ್ಯಸಾರದಲ್ಲಿ ಇಳಿಸಿ ಸಕ್ಕರೆ ಬೆರೆಸಿದ ಮದ್ಯ. ಅದರ ಪಾಕವು ಇಂದಿಗೂ ಗುಟ್ಟು. ನೀರು ಮತ್ತು ಮದ್ಯಸಾರಗಳ ಹೊರತಾಗಿ ಮೂಲಿಕೆಗಳ ಪಟ್ಟಿಯನ್ನು ಕಂಪೆನಿಯು ಪ್ರಕಟಿಸಿಲ್ಲ. ಆಗಾಗ ಪ್ರಕಟವಾಗುವ ಪಟ್ಟಿಗಳೆಲ್ಲ ಊಹೆಗಳು. ಮದ್ಯಸಾರದ ಪ್ರಮಾಣವು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಟಲಿಯಲ್ಲಿ ಅದು ಶೇಕಡಾ 25.

ಅದರ ಕೆಂಪು ಬಣ್ಣದ ಮೂಲವು ಸಸ್ಯಾಹಾರಿ ಓದುಗರು ತಿಳಿದಿರಬೇಕಾದ ಸಂಗತಿ. ದೀರ್ಘಕಾಲ ಈ ಬಣ್ಣವನ್ನು ಕೊಚಿನೀಲ್ ಎಂಬ ಪುಟ್ಟ ಕೀಟವನ್ನು ಒಣಗಿಸಿ ಪಡೆಯಲಾಗುತ್ತಿತ್ತು. 2006ರ ಸುಮಾರಿಗೆ ಹೆಚ್ಚಿನ ದೇಶಗಳಲ್ಲಿ ಇದನ್ನು ಬಿಟ್ಟು ಕೃತಕ ಬಣ್ಣಗಳನ್ನು ಬಳಸತೊಡಗಿದರು. ಕೊಚಿನೀಲ್ ಕೀಟವು ಬದುಕುವುದು ಪಾಪಾಸುಕಳ್ಳಿಯ ಮೇಲೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಇದೇ ಬಣ್ಣದ ಆಸೆಯಿಂದ ಮದರಾಸಿನಲ್ಲಿ ಕಳ್ಳಿಯ ತೋಟವನ್ನು ಬೆಳೆಸಿತ್ತು. ತಂದ ಕೀಟವು ಉತ್ತಮ ತಳಿಯದಾಗಿರಲಿಲ್ಲ, ಉದ್ಯಮ ಕೈಗೂಡಲಿಲ್ಲ. ಪಾಪಾಸುಕಳ್ಳಿ ಮಾತ್ರ ದಕ್ಷಿಣ ಭಾರತದ ಬೇಲಿಗಳಲ್ಲಿ, ಬೀಳು ನೆಲಗಳಲ್ಲಿ ಹಬ್ಬಿ ರೈತರಿಗೆ ಪೀಡೆಯಾಯಿತು. ಮುಂದೆ ಅದರ ನಿಯಂತ್ರಣಕ್ಕೆ ಆ ಕೀಟದ ಜಾತಿಯವನ್ನೇ ಬಿಡಬೇಕಾಗಿ ಬಂದಿತು.

ಕೆಫೆಯಿಂದ ಕಾರ್ಖಾನೆಗೆ

ಕೆಫೆಯ ಮಾಲೀಕನಿಗೆ ತನ್ನದೇ ಆದ ವಿಶೇಷ ಪಾನೀಯವೊಂದಿದ್ದರೆ ಅದನ್ನು ಇತರರಿಗೆ ಬಿಟ್ಟುಕೊಡದಿರುವುದು ಸಹಜ. ಅದನ್ನು ಕುಡಿಯಬೇಕೆನ್ನುವವರು ಅಂಗಡಿಗೇ ಬರಬೇಕು, ಬಂದವರು ಇನ್ನೂ ನಾಲ್ಕು ಪದಾರ್ಥ ಕೊಳ್ಳುತ್ತಾರೆ. ಕಂಪಾರಿಯವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದರು. ಇತರ ಕೆಫೆಗಳು ತಮ್ಮ ಕಹಿ ಮದ್ಯವನ್ನು ಕೊಂಡು ಮಾರಬಹುದು, ಆದರೆ ಕಂಪಾರಿಯ ಹೆಸರುಳ್ಳ ಫಲಕವನ್ನು ತಮ್ಮ ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಬೇಕು ಎಂಬುದು ಅವರ ಷರತ್ತು. ಹೀಗೆ ಪ್ರತಿಸ್ಪರ್ಧಿಯ ಗೋಡೆಯೇ ಜಾಹೀರಾತಿನ ಸ್ಥಳವಾಯಿತು. ಹಾಲೆಂಡಿನ ಹೆಸರು ಕಳಚಿಬಿದ್ದು ಬಿಟ್ಟರ್ ಕಂಪಾರಿ ಎಂಬ ಹೆಸರು ನೆಲೆಯೂರಿತು.

ಬೇಡಿಕೆ ಹೆಚ್ಚಿದಂತೆ ಕೆಫೆಯ ನೆಲಮಾಳಿಗೆಯಲ್ಲಿ ಮದ್ಯ ತಯಾರಿಸುವುದು ಅಸಾಧ್ಯವಾಯಿತು. 1904ರಲ್ಲಿ ಮಿಲಾನಿನ ಉತ್ತರದ ಅಂಚಿನಲ್ಲಿರುವ ಸೆಸ್ತೊ ಸಾನ್ ಜೊವಾನ್ನಿ ಎಂಬಲ್ಲಿ ದಾವಿದೆಯವರು ಕಾರ್ಖಾನೆಯನ್ನು ತೆರೆದರು. ಮುಂದೆ ಉಕ್ಕು ಮತ್ತು ಯಂತ್ರೋದ್ಯಮಗಳಿಂದ ಇಟಲಿಯ ಪ್ರಮುಖ ಕೈಗಾರಿಕಾ ಪಟ್ಟಣಗಳಲ್ಲಿ ಒಂದಾದ ಊರು ಇದು.

ರಫ್ತು ಆರಂಭವಾದ ಬಗೆಯನ್ನು ಕುರಿತು ಒಂದು ಕಥೆಯಿದೆ. ಲೀನಾ ಕವಲಿಯೇರಿ ಎಂಬ ಪ್ರಸಿದ್ಧ ಗಾಯಕಿಯಲ್ಲಿ ಅನುರಕ್ತರಾಗಿದ್ದ ದಾವಿದೆಯವರು, ಆಕೆ ಹಾಡಲು ಫ್ರಾನ್ಸಿನ ನೀಸ್ ನಗರಕ್ಕೆ ಹೊರಟಾಗ ಅಲ್ಲಿ ಮಾರುಕಟ್ಟೆ ಹುಡುಕುವ ನೆಪದಿಂದ ಹಿಂಬಾಲಿಸಿದರು, ಆಕೆ ಹೋದ ಕಡೆಗೆಲ್ಲ ಕಂಪಾರಿಯೂ ಹೋಯಿತು ಎಂಬುದು ಅದರ ಸಾರ. ಕೇಳಲು ಸೊಗಸಾದ ಕಥೆ. ಕಂಪೆನಿಯ ಚರಿತ್ರೆಯನ್ನು ಬರೆದವರೆಲ್ಲ ಇದನ್ನು ಪುನರುಕ್ತಿ ಮಾಡಿದ್ದಾರೆ. ಆದರೆ ನೀಸ್ ನಗರವು ಇಟಲಿಯ ಗಡಿಗೆ ಹತ್ತಿರದಲ್ಲಿದೆ, 1860ರವರೆಗೆ ಸಾರ್ಡಿನಿಯಾ ರಾಜ್ಯದ ಭಾಗವೇ ಆಗಿತ್ತು, ಚಳಿಗಾಲದಲ್ಲಿ ಯುರೋಪಿನ ಸಿರಿವಂತರು ಬಂದು ತಂಗುತ್ತಿದ್ದ ಊರು ಕೂಡ. ಅಲ್ಲಿ ಅಪೆರಿಟಿಫ್ ಮಾರಲು ಹೋದವನಿಗೆ ಪ್ರೇಮದ ಕಾರಣವೇ ಬೇಕೆಂದಿಲ್ಲ.

ಕಂಪಾರಿನೊ

1915ರಲ್ಲಿ ದಾವಿದೆಯವರು ಗ್ಯಾಲರಿಯ ಪ್ರವೇಶದಲ್ಲಿ, ಇಗರ್ಜಿಯ ಚೌಕಕ್ಕೆ ಮುಖಮಾಡಿ, ತಂದೆಯ ಕೆಫೆಗೆ ಎದುರಾಗಿ ಚಿಕ್ಕದೊಂದು ಬಾರನ್ನು ತೆರೆದರು. ಚಿಕ್ಕ ಕಂಪಾರಿ ಎಂಬ ಅರ್ಥದ ಕಂಪಾರಿನೊ ಎಂಬ ಹೆಸರು ಅದಕ್ಕೆ ರೂಢಿಯಾಯಿತು. ನೆಲಮಾಳಿಗೆಯಿಂದ ತಣ್ಣನೆಯ ಸೋಡಾ ನೀರು ಕೊಳವೆಯ ಮೂಲಕ ನಿರಂತರವಾಗಿ ಮೇಲೆ ಬರುವ ವ್ಯವಸ್ಥೆ ಅಲ್ಲಿಯ ವಿಶೇಷ. ಇದು ಸಣ್ಣ ಸಂಗತಿಯಂತೆ ತೋರಬಹುದು. ಆದರೆ ಕಂಪಾರಿಯ ರುಚಿಗೆ ಸೋಡಾದ ತಂಪು ಮತ್ತು ರಭಸಗಳೇ ಮುಖ್ಯ. ಸೋಡಾ ಬೆಚ್ಚಗಿದ್ದರೆ ಅನಿಲ ಹಾರಿಹೋಗಿ ಕಹಿಯೊಂದೇ ನಾಲಗೆಯ ಮೇಲೆ ಕೂರುತ್ತದೆ. ತಣ್ಣಗಿದ್ದು ನೊರೆಗರೆದರೆ ಮೂಲಿಕೆಗಳ ಪರಿಮಳ ಮೊದಲು ಮೂಗಿಗೆ ತಾಗಿ ಕಹಿ ಹಿಂದಿನಿಂದ ಬರುತ್ತದೆ. 1920ರ ದಶಕದಲ್ಲಿ ಬಾರಿನ ಒಳಾಂಗಣವನ್ನು ನವೀಕರಿಸಿದಾಗ ಮರಗೆಲಸವನ್ನು ಎವುಜೇನಿಯೊ ಕ್ವಾರ್ತಿ, ಕಬ್ಬಿಣದ ಅಲಂಕಾರವನ್ನು ಅಲೆಸ್ಸಾಂದ್ರೊ ಮತ್ಸುಕೊತೆಲ್ಲಿ, ಗೋಡೆಯ ಮೊಸಾಯಿಕ್ ಚಿತ್ರಗಳನ್ನು ಆಂಜೆಲೊ ದಾಂದ್ರೆಯಾ ನಿರ್ವಹಿಸಿದರು. ಈ ಬಾರು ಇಂದಿಗೂ ಇದೆ.

ಮಿಶ್ರಣಗಳಲ್ಲಿ ಕಂಪಾರಿ

ದಾವಿದೆಯವರ ಹೆಸರು ಉಳಿದಿರುವುದು ಬಹುಮಟ್ಟಿಗೆ ಅವರ ಮದ್ಯವನ್ನು ಇತರರು ಬಳಸಿದ ಬಗೆಯಿಂದ. ಮಿಲಾನಿನ ಕಂಪಾರಿಗೆ ಟ್ಯೂರಿನ್ನಿನ ಸಿಹಿ ವರ್ಮುತ್ತನ್ನು ಸಮಪ್ರಮಾಣದಲ್ಲಿ ಬೆರೆಸಿದ ಪಾನೀಯಕ್ಕೆ ಎರಡೂ ಊರುಗಳ ಹೆಸರನ್ನು ಕೂಡಿಸಿ ಮಿಲಾನೊ–ತೊರಿನೊ ಎಂದು ಕರೆಯುತ್ತಿದ್ದರು. ಇದಕ್ಕೆ ಸೋಡಾ ಸುರಿದರೆ ಅಮೆರಿಕಾನೊ. ಇಟಲಿಗೆ ಬರುತ್ತಿದ್ದ ಅಮೆರಿಕದ ಪ್ರವಾಸಿಗಳಿಗೆ ಅದು ಪ್ರಿಯವಾದುದರಿಂದ ಆ ಹೆಸರು ಬಂದಿತು ಎಂಬುದು ಪ್ರಚಲಿತ ವಿವರಣೆ. ಇಯಾನ್ ಫ್ಲೆಮಿಂಗ್ ಅವರ 1953ರ ಕಾದಂಬರಿ ಕ್ಯಾಸಿನೊ ರಾಯಲ್‌ನಲ್ಲಿ ಜೇಮ್ಸ್ ಬಾಂಡ್ ಅಮೆರಿಕಾನೊ ತರಿಸಿಕೊಳ್ಳುತ್ತಾನೆ.

ನೆಗ್ರೋನಿಯ ಉಗಮವನ್ನು 1919ರ ಫ್ಲಾರೆನ್ಸ್ ನಗರದಲ್ಲಿ ಗುರುತಿಸುವುದು ರೂಢಿ. ಕೌಂಟ್ ಕಮಿಲ್ಲೊ ನೆಗ್ರೋನಿ ಎಂಬವರು ಕೆಫೆ ಕಸೋನಿಯಲ್ಲಿ ತಮ್ಮ ಅಮೆರಿಕಾನೊಗೆ ಸೋಡಾದ ಬದಲು ಜಿನ್ ಹಾಕಲು ಹೇಳಿದರು, ಅಲ್ಲಿನ ಬಾರ್ ಪರಿಚಾರಕ ಫೊಸ್ಕೊ ಸ್ಕಾರ್ಸೆಲ್ಲಿ ಗುರುತಿಗಾಗಿ ನಿಂಬೆಯ ಬದಲು ಕಿತ್ತಳೆಯ ಹೋಳನ್ನು ಇಟ್ಟರು ಎಂದು ಹೇಳಲಾಗುತ್ತದೆ. ಜಿನ್, ಸಿಹಿ ವರ್ಮುತ್ ಮತ್ತು ಕಂಪಾರಿಗಳನ್ನು ಸಮಭಾಗ, ತಲಾ 30 ಮಿಲಿಲೀಟರ್, ಮಂಜುಗಡ್ಡೆ ತುಂಬಿದ ಲೋಟದಲ್ಲಿ ಕಲಕುವುದು ಈಗಿನ ಅಂತರರಾಷ್ಟ್ರೀಯ ಕ್ರಮ. ಕುಲುಕುವ ಪದ್ಧತಿಯಿಲ್ಲ. ಹಣ್ಣಿನ ರಸವಾಗಲಿ ಕೆನೆಯಾಗಲಿ ಇಲ್ಲದ ಮಿಶ್ರಣವನ್ನು ಕುಲುಕಿದರೆ ಗಾಳಿಯ ಗುಳ್ಳೆಗಳು ಸೇರಿ ತಿಳಿಯಾಗಿರಬೇಕಾದ ಬಣ್ಣ ಮಸುಕಾಗುತ್ತದೆ. ಕೆಲ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಜಿನ್ನಿನ ಸ್ಥಾನಕ್ಕೆ ಅಮೆರಿಕದ ಬರ್ಬನ್ ವಿಸ್ಕಿ ಬಂದಿತು. ಹ್ಯಾರಿ ಮ್ಯಾಕೆಲೋನ್ ಅವರ 1927ರ ಪುಸ್ತಕದಲ್ಲಿ ಕಾಣಿಸಿಕೊಂಡ ಈ ಮಿಶ್ರಣಕ್ಕೆ, ಅಲ್ಲಿ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಅರ್ಸ್ಕಿನ್ ಗ್ವಿನ್ ಅವರ ಪತ್ರಿಕೆಯ ಹೆಸರೇ, ಬುಲೆವಾರ್ಡಿಯೇ ಎಂದು, ಬಂದಿದೆ. ಕಿತ್ತಳೆ ರಸದೊಡನೆ ಕಂಪಾರಿ ಬೆರೆತರೆ ಗ್ಯಾರಿಬಾಲ್ಡಿ. 1970ರ ದಶಕದಲ್ಲಿ ಕ್ವಾಲಾಲಂಪುರದ ಹೋಟೆಲೊಂದರಲ್ಲಿ ರಮ್ ಮತ್ತು ಅನಾನಸ್ ರಸದೊಡನೆ ಬೆರೆತು ಜಂಗಲ್ ಬರ್ಡ್ ಆಯಿತು.

ಇಷ್ಟು ಬೇರೆ ಬೇರೆ ಮದ್ಯಗಳೊಡನೆ ಒಂದೇ ಕಹಿ ಹೊಂದಿಕೊಂಡದ್ದಕ್ಕೆ ಕಾರಣವು ಅಡುಗೆಯ ತರ್ಕದಲ್ಲಿಯೇ ಇದೆ. ಮೈಸೂರು ಸೀಮೆಯ ಮನೆಗಳಲ್ಲಿ ಹಾಗಲಕಾಯಿ ಗೊಜ್ಜು ಮಾಡುವಾಗ ಕಹಿಯನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಬೆಲ್ಲ, ಹುಣಿಸೆಹಣ್ಣು, ಉಪ್ಪು ಖಾರಗಳಿಂದ ಅದನ್ನು ಹಿಡಿದು ನಿಲ್ಲಿಸುತ್ತಾರೆ. ಬೆಲ್ಲವೊಂದೇ ಇದ್ದರೆ ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ, ಹಾಗಲವೊಂದೇ ಇದ್ದರೆ ಎರಡನೆಯ ತುತ್ತು ಇಳಿಯದು. ವರ್ಮುತ್ತಿನ ಸಿಹಿಗೆ ಕಂಪಾರಿ ಮಾಡುವುದು ಇದೇ ಕೆಲಸ. ಕಂಪಾರಿಯಲ್ಲಿಯೇ ಸಕ್ಕರೆಯಿರುವುದರಿಂದ ವರ್ಮುತ್ ಸೇರಿದಾಗ ಸಿಹಿ ಇಮ್ಮಡಿಯಾಗುತ್ತದೆ. ಅದನ್ನು ಒಣಗಿಸಲು ಸೋಡಾ ಅಥವಾ ಜಿನ್ ಬೇಕಾಗುತ್ತದೆ. ಮಂಜುಗಡ್ಡೆ ಕರಗಿದ ನೀರು ಸಹ ಇಲ್ಲಿ ಒಂದು ಪದಾರ್ಥವೇ. ಅದಿಲ್ಲದೆ ಮೂರೂ ಮದ್ಯಗಳು ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಮೇಲೆ ಹಿಂಡುವ ಕಿತ್ತಳೆ ಸಿಪ್ಪೆಯ ಎಣ್ಣೆಯು ಅಲಂಕಾರಕ್ಕಲ್ಲ, ಕಹಿಗೆ ಮುನ್ನ ಮೂಗನ್ನು ಸಿದ್ಧಗೊಳಿಸುವುದಕ್ಕೆ. ಸೋಡಾ ಬೆರೆತ ಅಮೆರಿಕಾನೊ ಹಗುರ. ಮೂರು ಮದ್ಯಗಳ ನೆಗ್ರೋನಿ ಹಾಗಲ್ಲ. ರುಚಿಯ ಹದವು ಅದರ ತೀವ್ರತೆಯನ್ನು ಮರೆಸುತ್ತದೆ, ಇಳಿಸುವುದಿಲ್ಲ. ಇದೇ ವರ್ಗದ ಅಪೆರೋಲ್ ಬೇರೆಯೇ ಮದ್ಯ. 1919ರಲ್ಲಿ ಪಾದುವಾ ನಗರದಲ್ಲಿ ಹುಟ್ಟಿದ ಅದು ಕಡಿಮೆ ಕಹಿಯದು, ಮದ್ಯಸಾರವೂ ಕಡಿಮೆ. 2003ರಲ್ಲಿ ಕಂಪಾರಿ ಸಂಸ್ಥೆಯು ಅದನ್ನು ಕೊಂಡಿತು.

ಒಂದೇ ಪದಾರ್ಥದ ಮೇಲೆ ಪಣ

ಕೆಫೆಗೂ ಕಾರ್ಖಾನೆಗೂ ಆ ಕಾಲದಲ್ಲಿ ಹತ್ತಾರು ಬಗೆಯ ಮದ್ಯಗಳಿದ್ದವು. ದಾವಿದೆಯವರು 1920ರ ದಶಕದಲ್ಲಿ ಅವೆಲ್ಲವನ್ನೂ ಕೈಬಿಟ್ಟು ಎರಡನ್ನು ಮಾತ್ರ ಉಳಿಸಿಕೊಂಡರು: ಊಟದ ಮುಂಚೆ ಕುಡಿಯುವ ಬಿಟ್ಟರ್ ಮತ್ತು ಊಟದ ನಂತರ ಕುಡಿಯುವ, ಬಣ್ಣವಿಲ್ಲದ, ಕೋರ್ಡಿಯಲ್ ಕಂಪಾರಿ ಎಂಬ ಸಿಹಿ ಮದ್ಯ. ಅವರ ಜೀವನದ ಅತ್ಯಂತ ದಿಟ್ಟ ನಿರ್ಧಾರ ಇದೇ ಎನ್ನಬೇಕು. ಮೊದಲ ಗುಟುಕಿಗೆ ಹೆಚ್ಚಿನವರು ಮುಖ ಕಿವಿಚುವ ಪಾನೀಯದ ಮೇಲೆ ಇಡೀ ಮನೆತನದ ಆಸ್ತಿಯನ್ನು ಪಣವಾಗಿಟ್ಟಂತೆ ಅದು. ಎರಡರಲ್ಲಿ ಸುಲಭವಾಗಿ ಮೆಚ್ಚುಗೆಯಾಗುವ ಸಿಹಿಯ ಕೋರ್ಡಿಯಲ್ ಕಾಲಕ್ರಮದಲ್ಲಿ ಮರೆಯಾಯಿತು, ಕಹಿ ಉಳಿಯಿತು.

ಆ ಕಹಿಯನ್ನು ಜನರ ಕಣ್ಣಿಗೆ ಪರಿಚಯಿಸಲು ಅವರು ಚಿತ್ರಕಾರರನ್ನು ನೆಚ್ಚಿದರು. ಮಾರ್ಚೆಲ್ಲೊ ದುದೊವಿಚ್ ಅವರ ಭಿತ್ತಿಚಿತ್ರಗಳು ಮೊದಲಿನವು. 1921ರಲ್ಲಿ ಲಿಯೊನೆತ್ತೊ ಕಪ್ಪಿಯೆಲ್ಲೊ ಅವರು ಸುರುಳಿ ಸುರುಳಿಯಾಗಿ ಸುಲಿದ ಕಿತ್ತಳೆ ಸಿಪ್ಪೆಯೊಳಗಿಂದ ಸೀಸೆ ಹಿಡಿದು ಜಿಗಿಯುವ ಕೆಂಪು ವಿದೂಷಕನನ್ನು ಚಿತ್ರಿಸಿದರು. ಕಪ್ಪು ಹಿನ್ನೆಲೆಯ ಆ ಚಿತ್ರದಲ್ಲಿ ವಿವರಣೆಯ ಸಾಲುಗಳೇ ಇಲ್ಲ. 1920ರ ದಶಕದ ನಡುಭಾಗದಿಂದ ಫೊರ್ತುನಾತೊ ದೆಪೆರೊ ಎಂಬ ಕಲಾವಿದರೊಡನೆ ಅವರ ಸಂಬಂಧ ಬೆಳೆಯಿತು. ವೇಗ ಮತ್ತು ಯಂತ್ರಗಳನ್ನು ಆರಾಧಿಸಿದ ಭವಿಷ್ಯವಾದಿ ಪಂಥಕ್ಕೆ ಸೇರಿದ ದೆಪೆರೊ ಅವರಿಗೆ ಜಾಹೀರಾತು ಕೀಳು ಕೆಲಸವಾಗಿರಲಿಲ್ಲ, ಅದೇ ಮುಂದಿನ ಕಾಲದ ಕಲೆ ಎಂದು ಅವರ ನಂಬಿಕೆ. ಕಂಪಾರಿಗೆ ಮೀಸಲಾದ ಅವರ ಭವಿಷ್ಯವಾದಿ ಸಂಚಿಕೆ 1931ರಲ್ಲಿ ಪ್ರಕಟವಾಯಿತು. ಕಲಾವಿದರಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ವ್ಯಾಪಾರಿಗಳು ಆ ಕಾಲದಲ್ಲಿ ವಿರಳ.

1932ರಲ್ಲಿ ಬಂದ ಕಂಪಾರಿಸೋಡಾ ದಾವಿದೆಯವರ ಕೊನೆಯ ದೊಡ್ಡ ಕೊಡುಗೆ. ಕಂಪಾರಿ ಮತ್ತು ಸೋಡಾಗಳನ್ನು ಕಾರ್ಖಾನೆಯಲ್ಲಿಯೇ ಬೆರೆಸಿ, ಒಬ್ಬರಿಗೆ ಒಂದು ಸಲಕ್ಕೆ ಸಾಕಾಗುವಷ್ಟು, ಪುಟ್ಟ ಸೀಸೆಯಲ್ಲಿ ತುಂಬಿಸಿದರು. ಮದ್ಯಸಾರ ಶೇಕಡಾ 10. ದೆಪೆರೊ ಅವರ ವಿನ್ಯಾಸದ ಈ ಸೀಸೆ ಬೋರಲು ಹಾಕಿದ ಪಾನಪಾತ್ರೆಯ ಆಕಾರದ್ದು. ಚೀಟಿಯಿಲ್ಲ, ಹೆಸರು ಗಾಜಿನಲ್ಲಿಯೇ ಉಬ್ಬಿದೆ. ಕಂಪಾರಿನೊ ಬಾರಿನ ತಣ್ಣನೆಯ ಕೊಳವೆಯಿಂದ ದೊರೆಯುತ್ತಿದ್ದ ಹದವು ಯಾವ ಹಳ್ಳಿಯ ಅಂಗಡಿಯಲ್ಲಾದರೂ ಪರಿಚಾರಕನ ಕೈಗುಣಕ್ಕೆ ಕಾಯದೆ ದೊರೆಯುವಂತಾಯಿತು. ಅದೇ ಸೀಸೆಯ ರೂಪ ಇಂದಿಗೂ ಬಳಕೆಯಲ್ಲಿದೆ.

ನಿಧನ ಮತ್ತು ನಂತರ

ದಾವಿದೆ ಕಂಪಾರಿಯವರು 1936ರ ಡಿಸೆಂಬರಿನಲ್ಲಿ ನಿಧನರಾದರು. ಅವರು ಹುಟ್ಟಿದ ಗ್ಯಾಲರಿಯು 1943ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ಬಹಳ ಹಾನಿಗೊಂಡು, ಯುದ್ಧಾನಂತರ ಮತ್ತೆ ಕಟ್ಟಲ್ಪಟ್ಟಿತು. ಉದ್ಯಮವು ಮುಂದೆ ಗರವೊಲಿಯಾ ಕುಟುಂಬದ ಕೈಸೇರಿ, 2001ರಲ್ಲಿ ಮಿಲಾನಿನ ಷೇರುಪೇಟೆಯಲ್ಲಿ ಸೇರ್ಪಡೆಯಾಯಿತು. ಸಂಸ್ಥೆಯ ಅಧಿಕೃತ ಹೆಸರಿನಲ್ಲಿರುವುದು ಗಾಸ್ಪರೆ ಅಲ್ಲ, ದಾವಿದೆ. ಸೆಸ್ತೊ ಸಾನ್ ಜೊವಾನ್ನಿಯ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಈಗ ಭಿತ್ತಿಚಿತ್ರಗಳ ಸಂಗ್ರಹಾಲಯವಿದೆ.

ಮಿಲಾನಿನ ಸ್ಮಾರಕ ರುದ್ರಭೂಮಿಯಲ್ಲಿರುವ ಕಂಪಾರಿ ಕುಟುಂಬದ ಸಮಾಧಿಯು ಪ್ರವಾಸಿಗಳು ಹುಡುಕಿಕೊಂಡು ಹೋಗಿ ನೋಡುವಂಥದು. ಶಿಲ್ಪಿ ಜನ್ನೀನೊ ಕಸ್ತಿಲ್ಯೋನಿ ಅವರು ಅಲ್ಲಿ ಯೇಸುವಿನ ಕೊನೆಯ ಭೋಜನದ ದೃಶ್ಯವನ್ನು ಆಳೆತ್ತರದ ಕಂಚಿನ ಮೂರ್ತಿಗಳಲ್ಲಿ ನಿರ್ಮಿಸಿದ್ದಾರೆ. ಲಿಯೊನಾರ್ದೊ ದ ವಿಂಚಿಯ ಅದೇ ವಸ್ತುವಿನ ಪ್ರಸಿದ್ಧ ಗೋಡೆಚಿತ್ರವಿರುವುದೂ ಮಿಲಾನಿನಲ್ಲಿಯೇ. ಮದ್ಯ ಮಾರಿದ ಮನೆತನದ ಗೋರಿಯ ಮೇಲೆ ಊಟದ ಮೇಜು, ಅದರ ಸುತ್ತ ಹದಿಮೂರು ಜನ.